ಶಾಲು ಕದ್ದರೆ ಏಳು ವರ್ಷ: ಐರ್ಲೆಂಡಿನ ಮಹಿಳಾ ಕೈದಿಗಳ ದಾಖಲೆ ಓದುವುದು ಹೇಗೆ?

ಓಲೆಗರಿ ಕೇಳಿದ್ದು:

ಸಣ್ಣಪುಟ್ಟ ಕಳ್ಳತನ ಮಾಡಿ ಸಿಕ್ಕಿಬಿದ್ದು ಐರ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಸಾಗಿಸಲ್ಪಟ್ಟ ಹೆಂಗಸರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಸಿದ್ಧವಾಗುತ್ತಿದೆ. ಡಬ್ಲಿನ್ನಿನ ರಾಷ್ಟ್ರೀಯ ಪತ್ರಾಗಾರದ ಸೂಚಿ, ಟಾಸ್ಮೇನಿಯಾದ ಕೈದಿ ದಾಖಲೆ ಎರಡೂ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಾಳೆಯೇ ಆಗುವುದಿಲ್ಲ. ಗೊತ್ತಿದ್ದವರು ಇಷ್ಟನ್ನು ಬಿಡಿಸಿ ಹೇಳಬೇಕು.

ಪಟ್ಟಿಯ ತುಂಬ ಶಾಲು, ಜೋಡು, ಒಂದು ತುಂಡು ಬಟ್ಟೆ, ಆಲೂಗಡ್ಡೆ. ಶಿಕ್ಷೆ ಮಾತ್ರ ಬಹುಪಾಲು ಎಲ್ಲರಿಗೂ ಏಳು ವರ್ಷ. ಕದ್ದ ಮಾಲಿನ ಬೆಲೆಗೆ ಲೆಕ್ಕವೇ ಇರಲಿಲ್ಲವೇ? ಐರ್ಲೆಂಡಿನ ಪಟ್ಟಿಯಲ್ಲಿರುವ ಎಷ್ಟೋ ಹೆಸರುಗಳು ಆಸ್ಟ್ರೇಲಿಯಾದ ಕಡೆ ಸಿಗುವುದೇ ಇಲ್ಲ, ಯಾಕೆ? ಟಾಸ್ಮೇನಿಯಾದ ನಡತೆ ದಾಖಲೆಯ ಪುಟವನ್ನು ಯಾವ ಕ್ರಮದಲ್ಲಿ ಓದಬೇಕು? ಕೊನೆಯದಾಗಿ, ಈ ಶಿಕ್ಷೆಯನ್ನು "ಗಡೀಪಾರು" ಎಂದು ಬರೆದರೆ ನಡೆಯುತ್ತದೆಯೇ?

ಹಳೇಹಾಳೆ ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಗಡೀಪಾರು ಬೇಡ. ಇವತ್ತು ಆ ಪದ ಕೇಳಿದ ಕೂಡಲೇ ರೌಡಿಶೀಟರನ್ನು ಜಿಲ್ಲೆಯಿಂದ ಆಚೆ ಹಾಕಿದ್ದು ನೆನಪಾಗುತ್ತದೆ. ಅಲ್ಲಿ ಗಡಿ ದಾಟಿದವನು ಎಲ್ಲಿ ಬೇಕಾದರೂ ಇರಬಹುದು. ಇಲ್ಲಿ ಹಾಗಲ್ಲ. ಎಲ್ಲಿಗೆ ಕಳಿಸಬೇಕು, ಅಲ್ಲಿ ಯಾರ ಕೈಕೆಳಗೆ ದುಡಿಯಬೇಕು ಎಂಬುದೂ ಶಿಕ್ಷೆಯ ಭಾಗ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಹಳೆಯ ಪದವೇ ಇದೆ: ದ್ವೀಪಾಂತರ. ಭಾರತೀಯ ದಂಡ ಸಂಹಿತೆಯಲ್ಲಿಯೂ ಇದೇ ಶಿಕ್ಷೆ ಇತ್ತು. 1955ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ಜೀವಾವಧಿ ಸೆರೆವಾಸ ಎಂದು ಮಾಡಿದರು. ಕರಿನೀರಿನ ಶಿಕ್ಷೆ ಅಂದರೆ ಅಂಡಮಾನ್ ಕಣ್ಣಿಗೆ ಬರುತ್ತದೆ, ಅದನ್ನು ಅಲ್ಲಿಗೇ ಬಿಡುವುದು ವಾಸಿ.

ಇನ್ನು ಏಳು ವರ್ಷದ ವಿಷಯ. ಮೊದಲು ಕಳ್ಳತನದಲ್ಲಿ ದೊಡ್ಡದು, ಚಿಕ್ಕದು ಎಂದು ಎರಡು ಜಾತಿ. ಗೆರೆ ಇದ್ದದ್ದು 12 ಪೆನ್ಸಿನಲ್ಲಿ, ಅಂದರೆ ಒಂದು ಶಿಲ್ಲಿಂಗ್. 20 ಶಿಲ್ಲಿಂಗಿಗೆ ಒಂದು ಪೌಂಡ್, ನಮ್ಮ ಹಳೆಯ ರೂಪಾಯಿಗೆ 16 ಆಣೆ ಇದ್ದ ಹಾಗೆ. ಈ ಭೇದವನ್ನು ಇಂಗ್ಲೆಂಡಿನಲ್ಲಿ 1827ರಲ್ಲಿ, ಐರ್ಲೆಂಡಿನಲ್ಲಿ 1828ರಲ್ಲಿ ತೆಗೆದುಹಾಕಿದರು. ಆಮೇಲೆ ಉಳಿದದ್ದು ಬರೀ "ಸಾದಾ ಕಳ್ಳತನ". ಅದಕ್ಕೆ ನ್ಯಾಯಾಧೀಶರ ಮುಂದೆ ಇದ್ದದ್ದು ಎರಡು ದಾರಿ: ಒಂದೋ ಊರ ಸೆರೆಮನೆಯಲ್ಲಿ ಹೆಚ್ಚೆಂದರೆ ಎರಡು ವರ್ಷ, ಇಲ್ಲವೋ ಏಳು ವರ್ಷ ದ್ವೀಪಾಂತರ. ನಡುವೆ ಏನೂ ಇಲ್ಲ. "ಮೂರು ವರ್ಷ ದ್ವೀಪಾಂತರ" ಎಂಬುದೇ ಇರಲಿಲ್ಲ. ಏಳು ಅಂದರೆ ಕನಿಷ್ಠ. ಅದಕ್ಕಿಂತ ಮೇಲೆ 10, 14, ಜೀವಾವಧಿ.

ಆದ್ದರಿಂದ "ಶಾಲಿಗೆ ಏಳು ವರ್ಷವೇ?" ಎಂಬ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಅದೇ ಶಾಲು ಕದ್ದ ಇನ್ನೊಬ್ಬಳಿಗೆ ಮೂರು ತಿಂಗಳು ಜೈಲು ಕೊಟ್ಟಿರುವಾಗ ಇವಳನ್ನು ಹಡಗು ಹತ್ತಿಸಿದ್ದೇಕೆ? ಮಾಲಿನ ಬೆಲೆಗಿಂತ ಹೆಚ್ಚಾಗಿ ಕೆಲಸ ಮಾಡಿದ್ದು ಅವಳ ಹಿಂದಿನ ಶಿಕ್ಷೆಗಳು, ಕದ್ದದ್ದು ಒಡತಿಯ ಮನೆಯಲ್ಲೋ ಅಂಗಡಿಯಲ್ಲೋ ಎಂಬುದು, ಸಾಕ್ಷಿ ಹೇಳಿದವರ ಮಾತು. ಹಿಂದೆ ಒಂದು ಘೋರಾಪರಾಧದ ಶಿಕ್ಷೆಯಾಗಿದ್ದರೆ ಎರಡನೆಯ ಸಲ ಏಳರಿಂದ ಮೇಲಕ್ಕೆ ಎಷ್ಟು ಬೇಕಾದರೂ ಏರಬಹುದಿತ್ತು. ಪಟ್ಟಿಯಲ್ಲಿ ಕಾಣುವುದು ಕಡೆಯ ಕಳ್ಳತನ ಮಾತ್ರ. ಅದನ್ನೇ ಮೊದಲನೆಯದು ಎಂದು ತಿಳಿದು ಬರೆದರೆ ಲೇಖನ ಅಲ್ಲಿಯೇ ದಾರಿ ತಪ್ಪುತ್ತದೆ.

ಕಡಲಕಾಗೆ ಉತ್ತರ:

ಹೆಸರು ಸಿಗದಿರುವುದಕ್ಕೆ ಬರುತ್ತೇನೆ. ಮುಖ್ಯ ಕಾರಣ ಬಹಳ ಸರಳ, ಆದರೆ ಬಹಳ ಜನ ಮರೆಯುತ್ತಾರೆ: ಶಿಕ್ಷೆ ವಿಧಿಸಿದ ಮಾತ್ರಕ್ಕೆ ಎಲ್ಲರನ್ನೂ ಕಳಿಸಲಿಲ್ಲ. ಡಬ್ಲಿನ್ನಿನ ದ್ವೀಪಾಂತರ ವಹಿಯಲ್ಲಿ ಇರುವುದು ಶಿಕ್ಷೆಯಾದವರ ಹೆಸರು, ಹಡಗು ಹತ್ತಿದವರದ್ದಲ್ಲ. ವಯಸ್ಸಾದವರು, ಕಾಯಿಲೆಯವರು, ವೈದ್ಯರ ತಪಾಸಣೆಯಲ್ಲಿ ಬಿದ್ದವರು, ಕ್ಷಮೆ ಪಡೆದವರು ಊರಿನ ಸೆರೆಮನೆಯಲ್ಲಿಯೇ ಶಿಕ್ಷೆ ಮುಗಿಸಿದ್ದುಂಟು. ಹೆಸರಿನ ಜತೆ ಹಡಗಿನ ಹೆಸರು ಇಲ್ಲದಿದ್ದರೆ "ಹೋದಳು" ಎಂದು ಬರೆಯಬೇಡಿ.

ಎರಡನೆಯದು ಬೆಂಕಿ. 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲೆ ಕಚೇರಿ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು. 1836ಕ್ಕಿಂತ ಹಿಂದಿನ ದ್ವೀಪಾಂತರ ವಹಿಗಳು ಅದರ ಜತೆ ಹೋದವು. ಈಗ ಜಾಲದಲ್ಲಿರುವ ಸೂಚಿಯನ್ನು ಐರ್ಲೆಂಡ್ ಸರ್ಕಾರ 1988ರಲ್ಲಿ, ಆಸ್ಟ್ರೇಲಿಯಾದ ವಲಸೆಗೆ 200 ವರ್ಷ ತುಂಬಿದಾಗ, ಉಡುಗೊರೆಯಾಗಿ ಮಾಡಿಸಿಕೊಟ್ಟದ್ದು. ಅದರಲ್ಲಿ 1836ರಿಂದ 1857ರವರೆಗೆ ವಹಿಗಳಿವೆ. ಅದಕ್ಕೂ ಹಿಂದಿನದಕ್ಕೆ ಇರುವುದು ಕ್ಷಮಾ ಅರ್ಜಿಗಳು ಮಾತ್ರ. ಅರ್ಜಿ ಬರೆಸದವಳು 1825ರಲ್ಲಿ ಹೋಗಿದ್ದರೆ ಐರ್ಲೆಂಡಿನ ಕಡೆ ಅವಳ ಗುರುತು ಇಲ್ಲದಿರುವುದೇ ಹೆಚ್ಚು. ಅಂಥವರನ್ನು ಆಸ್ಟ್ರೇಲಿಯಾದ ಕಡೆಯಿಂದಲೇ ಹುಡುಕಬೇಕು.

ಮೂರನೆಯದು, ತಪ್ಪು ವಸಾಹತಿನಲ್ಲಿ ಹುಡುಕುವುದು. ಐರ್ಲೆಂಡಿನಿಂದ ನೇರವಾಗಿ ಹೊರಟ ಮೊದಲ ಹಡಗು "ಕ್ವೀನ್", ಕಾರ್ಕ್ ಬಂದರಿನಿಂದ ಹೊರಟು 1791ರ ಸೆಪ್ಟೆಂಬರಿನಲ್ಲಿ ಸಿಡ್ನಿ ಮುಟ್ಟಿತು. ಗಂಡಸರ ಜತೆ ಕೆಲವೇ ಹೆಂಗಸರಿದ್ದರು. ಅಲ್ಲಿಂದ 1840ರವರೆಗೆ ಐರ್ಲೆಂಡಿನ ಹೆಂಗಸರ ಹಡಗುಗಳು ಹೋದದ್ದು ಮುಖ್ಯವಾಗಿ ಸಿಡ್ನಿಗೆ. 1840ರಲ್ಲಿ ನ್ಯೂ ಸೌತ್ ವೇಲ್ಸಿಗೆ ಕೈದಿಗಳನ್ನು ಕಳಿಸುವುದು ನಿಂತಿತು. ಆಮೇಲೆ ಎಲ್ಲ ವ್ಯಾನ್ ಡೀಮನ್ಸ್ ಲ್ಯಾಂಡಿಗೆ, ಅಂದರೆ ಇಂದಿನ ಟಾಸ್ಮೇನಿಯಾಕ್ಕೆ. ಕಡೆಯ ಐರಿಷ್ ಹೆಂಗಸರ ಹಡಗು "ಮಿಡ್ಲೋಥಿಯನ್", 1853ರ ಫೆಬ್ರವರಿಯಲ್ಲಿ ಹೋಬಾರ್ಟಿಗೆ ಬಂತು. ಪಶ್ಚಿಮ ಆಸ್ಟ್ರೇಲಿಯಾಕ್ಕೆ 1868ರವರೆಗೂ ಕೈದಿಗಳು ಹೋದರು, ಆದರೆ ಎಲ್ಲ ಗಂಡಸರೇ. ಹಾಗಾಗಿ ವಿಚಾರಣೆಯ ವರ್ಷ ನೋಡಿ ಮೊದಲು ಬಂದರು ಗೊತ್ತುಮಾಡಿಕೊಳ್ಳಿ, ಆಮೇಲೆ ಹೆಸರು ಹುಡುಕಿ.

ನಾಲ್ಕನೆಯದು, ಹುಟ್ಟಿದ್ದು ಐರ್ಲೆಂಡ್, ಸಿಕ್ಕಿಬಿದ್ದದ್ದು ಇಂಗ್ಲೆಂಡ್. ಲಿವರ್‌ಪೂಲ್, ಮ್ಯಾಂಚೆಸ್ಟರ್, ಲಂಡನ್ನಿಗೆ ಕೂಲಿಗೆ ಹೋದ ಐರಿಷ್ ಹೆಂಗಸರು ಬಹಳ. ಅವರ ಹೆಸರು ಡಬ್ಲಿನ್ ಸೂಚಿಯಲ್ಲಿ ಬರಲು ಸಾಧ್ಯವೇ ಇಲ್ಲ. ಲಂಡನ್ನಿನಲ್ಲಿ ವಿಚಾರಣೆಯಾಗಿದ್ದರೆ ಓಲ್ಡ್ ಬೈಲಿ ನ್ಯಾಯಾಲಯದ 1674ರಿಂದ 1913ರವರೆಗಿನ ನಡಾವಳಿ ಜಾಲದಲ್ಲಿದೆ. ಸಾಕ್ಷಿಗಳ ಮಾತು ಸಮೇತ ಸಿಗುತ್ತದೆ, ಐರ್ಲೆಂಡಿನ ಪ್ರಕರಣಗಳಲ್ಲಿ ಆ ಭಾಗ್ಯ ಅಪರೂಪ. ಐರ್ಲೆಂಡಿನ ನ್ಯಾಯಾಲಯದ ಕಡತ ಸುಟ್ಟಿರುವ ಕಡೆ ಜಿಲ್ಲಾ ಪತ್ರಿಕೆಗಳ ವರದಿಯೇ ಗತಿ. ವರ್ಷಕ್ಕೆರಡು ಸಲ, ವಸಂತ ಮತ್ತು ಬೇಸಿಗೆಯಲ್ಲಿ ದೊಡ್ಡ ಅಧಿವೇಶನ; ನಡುವೆ ಮೂರು ತಿಂಗಳಿಗೊಮ್ಮೆ ಚಿಕ್ಕದು. ವಹಿಯಲ್ಲಿರುವ ವಿಚಾರಣೆಯ ತಾರೀಖಿನಿಂದ ಮುಂದಿನ ಎರಡು ವಾರದ ಸಂಚಿಕೆ ನೋಡಿದರೆ ಸಾಕು.

ಐದನೆಯದು ಹೆಸರಿನ ಕಾಗುಣಿತ. ಇದೊಂದು ಸಂತೆ. ಬ್ರಿಜೆಟ್ ಒಂದು ಕಡೆ ಬಿಡ್ಡಿ, ಹೊನೋರಾ ಇನ್ನೊಂದು ಕಡೆ ನೋರಾ ಅಥವಾ ಹನೋರಾ, ಕ್ಯಾಥರೀನ್ ಕಿಟ್ಟಿಯಾಗುತ್ತಾಳೆ. ಜೊಹಾನಾ, ಜುಡಿತ್, ಜೂಲಿಯಾ ಮೂರೂ ಒಬ್ಬಳೇ ಇರಬಹುದು. ಐರಿಷ್ ಭಾಷೆಯ ಗೊಬ್ನೆಟ್ ಎಂಬ ಹೆಸರನ್ನು ಇಂಗ್ಲಿಷ್ ಗುಮಾಸ್ತರು ಅಬಿಗೇಲ್ ಅಂತಲೂ ಡೆಬೊರಾ ಅಂತಲೂ ಬರೆದುಕೊಂಡರು. ಅರ್ಥಕ್ಕೂ ಉಚ್ಚಾರಕ್ಕೂ ನೇರ ಸಂಬಂಧವಿಲ್ಲ, ಅದು ಆ ಕಾಲದ ರೂಢಿ. ಮನೆತನದ ಹೆಸರಿನ ಮುಂದಿನ "ಓ" ಮತ್ತು "ಮ್ಯಾಕ್" ಬಂದರೂ ಬಂತು, ಬಿಟ್ಟರೂ ಬಿಟ್ಟಿತು. ಹುಡುಕುವಾಗ "ಓ" ತೆಗೆದು ಒಂದು ಸಲ, ಸೇರಿಸಿ ಒಂದು ಸಲ, ಮೊದಲ ಮೂರು ಅಕ್ಷರ ಮಾತ್ರ ಕೊಟ್ಟು ಒಂದು ಸಲ ನೋಡಿ. ಮದುವೆಯಾದವಳಾದರೆ ತವರಿನ ಹೆಸರಿನಲ್ಲಿಯೂ ನೋಡಬೇಕು.

ಹಡಗಿನ ಹೆಸರಿನ ಜತೆ ವರ್ಷ ಸೇರಿಸದೆ ಏನನ್ನೂ ಟಿಪ್ಪಣಿ ಮಾಡಿಕೊಳ್ಳಬೇಡಿ. "ಮಾರ್ಗರೆಟ್" ಎಂಬ ಹಡಗು 1837, 1839, 1840 ಮೂರೂ ಸಲ ಐರ್ಲೆಂಡಿನ ಹೆಂಗಸರನ್ನು ಸಿಡ್ನಿಗೆ ಹೊತ್ತಿದೆ. "ವೇವರ್ಲಿ" 1842ರಲ್ಲಿ ಒಮ್ಮೆ, 1847ರಲ್ಲಿ ಒಮ್ಮೆ ಹೋಬಾರ್ಟಿಗೆ ಹೋಗಿದೆ. (1831ರಲ್ಲಿ ಕಾರ್ಕಿನಿಂದ ಹೆಂಗಸರನ್ನು ಒಯ್ದ ಹಡಗಿನ ಹೆಸರು "ಹೂಗ್ಲಿ". ಬಂಗಾಳದ ನದಿಯ ಹೆಸರು ಹೊತ್ತು ಐರ್ಲೆಂಡಿನ ಹೆಂಗಸರನ್ನು ಸಿಡ್ನಿಗೆ ಸಾಗಿಸಿದ್ದು, ಕಂಪನಿ ಕಾಲದ ತಮಾಷೆ.)

ಓಲೆಗರಿ:

ಇಬ್ಬರಿಗೂ ಧನ್ಯವಾದ. "ಹೋದಳು" ಎಂದು ಆಗಲೇ ನಾಲ್ಕು ಕಡೆ ಬರೆದಾಗಿದೆ, ತಿದ್ದಬೇಕು. ಇನ್ನು ನಡತೆ ದಾಖಲೆ. "ಎಫ್‌ಎಸ್", "ಸಿಎಫ್", "ಟಿಎಲ್" ಎಂಬ ಅಕ್ಷರಗಳು ಎಲ್ಲೆಡೆ ಇವೆ, ಒಂದೊಂದು ಕಡೆ ಒಂದೊಂದು ಅರ್ಥ ಬರುವ ಹಾಗಿದೆ. "ಪಟ್ಟಣದ ಮೇಲೆ ಎರಡು ವರ್ಷ" ಅಂದರೆ ಏನು?

ಮಸಿಕುಡಿಕೆ ಉತ್ತರ:

ನಿಮಗೆ ಅನ್ನಿಸಿದ್ದು ಸರಿ, ಒಂದೊಂದು ಕಡೆ ಒಂದೊಂದು ಅರ್ಥವೇ. "ಟಿಎಲ್" ಸುಲಭ: ಟಿಕೆಟ್ ಆಫ್ ಲೀವ್, ಶಿಕ್ಷೆ ಮುಗಿಯುವ ಮುಂಚೆ ತನ್ನಿಷ್ಟದ ಕಡೆ ಕೂಲಿ ಮಾಡಲು ಕೊಟ್ಟ ಪರವಾನಗಿ, ಜಿಲ್ಲೆ ಬಿಡುವ ಹಾಗಿಲ್ಲ. "ಎಫ್‌ಎಸ್" ಆಸ್ಟ್ರೇಲಿಯಾದಲ್ಲಿ "ಸೇವೆ ಮುಗಿಸಿ ಬಿಡುಗಡೆ". ಅದೇ ಅಕ್ಷರ ಡಬ್ಲಿನ್ನಿನ ಪತ್ರಾಗಾರದಲ್ಲಿ ಕಡತದ ಮೇಲಿದ್ದರೆ ಬೇರೆಯೇ, ಅದು "ಸ್ವತಂತ್ರ ವಲಸಿಗರ ಕಾಗದಪತ್ರ": ಆಸ್ಟ್ರೇಲಿಯಾಕ್ಕೆ ಕೈದಿಯಾಗಿ ಹೋದ ಗಂಡ, ತನ್ನ ಹೆಂಡತಿ ಮಕ್ಕಳನ್ನು ಸರ್ಕಾರದ ಖರ್ಚಿನಲ್ಲಿ ಕಳಿಸಿಕೊಡಿ ಎಂದು ಕೇಳಿದ ಅರ್ಜಿಗಳ ಸರಣಿ. ಇನ್ನೂ ಕೆಟ್ಟದ್ದು "ಸಿಎಫ್". ನ್ಯೂ ಸೌತ್ ವೇಲ್ಸಿನ 1828ರ ಜನಗಣತಿಯಲ್ಲಿ ಅದರ ಅರ್ಥ "ಸ್ವತಂತ್ರಳಾಗಿ ಬಂದವಳು". ಹಡಗಿನ ಕೈದಿಪಟ್ಟಿಯ ಅಂಚಿನಲ್ಲಿ ಸಂಖ್ಯೆ ಸಮೇತ ಇದ್ದರೆ "ಬಿಡುಗಡೆ ಪತ್ರ", ಅಂದರೆ ಕೈದಿಯಾಗಿದ್ದವಳು. ಒಂದೇ ಎರಡಕ್ಷರ, ಅರ್ಥ ಪೂರ್ತಿ ಉಲ್ಟಾ. ಅಕ್ಷರದ ಅರ್ಥ ಹೇಳುವುದು ಅದು ಕೂತಿರುವ ಕಡತ.

ಟಾಸ್ಮೇನಿಯಾದ ಪುಟಕ್ಕೆ ಬರೋಣ. ಹೆಂಗಸರಿಗೆ ನಾಲ್ಕು ಸರಣಿ ಸಾಕು; "ಕಾನ್" ಎಂಬುದು ಕೈದಿ ದಾಖಲೆಗಳಿಗೆ ಅಲ್ಲಿಯ ಪತ್ರಾಗಾರ ಕೊಟ್ಟ ಗುರುತು. ಕಾನ್ 40 ಎಂದರೆ 1843ರವರೆಗೆ ಬಂದವರ ನಡತೆ ದಾಖಲೆ. ಕಾನ್ 41 ಎಂದರೆ 1844ರಿಂದ 1853ರವರೆಗೆ ಬಂದವರದ್ದು. 1845ರಿಂದ ಶುರುವಾದ ಬರಗಾಲದ ವರ್ಷಗಳ ಐರಿಷ್ ಹೆಂಗಸರೆಲ್ಲ ಇದರಲ್ಲಿ. ಕಾನ್ 15 ಹಡಗಿನ ಕೈದಿಪಟ್ಟಿ. ಕಾನ್ 19 ಚಹರೆಪಟ್ಟಿ. ಟಾಸ್ಮೇನಿಯಾ ಗ್ರಂಥಾಲಯದ ಹೆಸರುಗಳ ಸೂಚಿಯಲ್ಲಿ ಹೆಸರು ಕೊಟ್ಟರೆ ಪುಟದ ಚಿತ್ರವೇ ತೆರೆದುಕೊಳ್ಳುತ್ತದೆ. ಮೊದಲು ನಡತೆ ದಾಖಲೆ ನೋಡುವ ಆಸೆ ಎಲ್ಲರಿಗೂ. ಬೇಡ, ಮೊದಲು ಕಾನ್ 15 ನೋಡಿ. ಅದರಲ್ಲಿ ಅಪ್ಪ ಅಮ್ಮ, ಅಣ್ಣ ತಮ್ಮ, ಮಕ್ಕಳ ಹೆಸರು ಇರುತ್ತದೆ. ಒಂದೇ ಹೆಸರಿನ ಇಬ್ಬರು ಬಂದಾಗ ಬೇರೆ ಮಾಡಲು ಅದೇ ಸಾಧನ.

ಕಾನ್ 41ರ ಪುಟದಲ್ಲಿ ಮೇಲ್ಗಡೆ ಒತ್ತಾಗಿ ಬರೆದಿರುವುದರಲ್ಲಿ ಎರಡು ಸಾಲುಗಳನ್ನು ಪಕ್ಕಪಕ್ಕ ಓದಬೇಕು. ಒಂದು "ಸೆರೆಮನೆ ವರದಿ": ಐರ್ಲೆಂಡಿನ ಜೈಲರ್ ಬರೆದು ಕಳಿಸಿದ್ದು, ಹಿಂದೆ ಶಿಕ್ಷೆಯಾಗಿತ್ತೇ, ನಡತೆ ಹೇಗೆ ಎಂದು. ಇನ್ನೊಂದು "ಈ ಅಪರಾಧದ ಬಗ್ಗೆ ಹೇಳಿದ್ದು": ಹೋಬಾರ್ಟಿನಲ್ಲಿ ಇಳಿದಾಗ ಗುಮಾಸ್ತ ಕೇಳಿ, ಅವಳು ಬಾಯಿಬಿಟ್ಟು ಹೇಳಿದ್ದು. ಏನು ಕದ್ದೆ, ಯಾರ ಮನೆಯಲ್ಲಿ, ಜತೆಗೆ ಯಾರಿದ್ದರು, ಹಿಂದೆ ಎಷ್ಟು ಸಲ, ಯಾವುದಕ್ಕೆ ಎಷ್ಟು ತಿಂಗಳು. ಈ ಎರಡು ಬಹಳ ಸಲ ಹೊಂದುವುದಿಲ್ಲ. ಜೈಲಿನವರು "ಮೊದಲ ಅಪರಾಧ" ಎಂದಿರುತ್ತಾರೆ, ಅವಳೇ "ಎರಡು ಸಲ ಬಟ್ಟೆಗೆ" ಎಂದಿರುತ್ತಾಳೆ. ತಮಗೆ ಹಿಂದಿನ ಕಡತ ಬಂದಿದೆ ಎಂದು ಗುಮಾಸ್ತರು ನಂಬಿಸಿ ಕೇಳುತ್ತಿದ್ದ ಕಾಲ, ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂದು ಒಪ್ಪಿಕೊಂಡಿರಬಹುದು. ಎರಡನ್ನೂ ಉಲ್ಲೇಖಿಸಿ, ಒಂದನ್ನು ಆರಿಸಿಕೊಳ್ಳಬೇಡಿ.

"ಪಟ್ಟಣದ ಮೇಲೆ ಎರಡು ವರ್ಷ" ಎಂದರೆ ಎರಡು ವರ್ಷ ವೇಶ್ಯಾವೃತ್ತಿಯಲ್ಲಿದ್ದಳು ಎಂದು ಗುಮಾಸ್ತನ ಅಭಿಪ್ರಾಯ. ಹುಷಾರಾಗಿ ಬಳಸಿ. ವೇಶ್ಯಾವೃತ್ತಿಗೆ ದ್ವೀಪಾಂತರ ಶಿಕ್ಷೆಯೇ ಇರಲಿಲ್ಲ. ಆ ಕಾರಣಕ್ಕೆ ಒಬ್ಬಳನ್ನೂ ಕಳಿಸಿಲ್ಲ. ಗಂಡನಲ್ಲದವನ ಜತೆ ಬಾಳುತ್ತಿದ್ದವಳಿಗೂ ಈ ಹಣೆಪಟ್ಟಿ ಅಂಟುತ್ತಿತ್ತು.

ಅದರ ಕೆಳಗೆ ಚಹರೆ: ಬರಿಗಾಲಲ್ಲಿ ಅಳೆದ ಎತ್ತರ ಕಾಲು ಇಂಚಿನವರೆಗೂ, ಹಣೆ, ಹುಬ್ಬು, ಮೂಗು, ಗಲ್ಲ, ಸಿಡುಬಿನ ಕಲೆ. ಇದೆಲ್ಲ ಇರುವುದು ಓಡಿಹೋದರೆ ಹಿಡಿಯಲು. ನಮಗೆ ಭಾವಚಿತ್ರದ ಬದಲು ಅದೇ ಸಿಕ್ಕಿದೆ.

ಪುಟದ ಉಳಿದ ಭಾಗ ವಸಾಹತಿನಲ್ಲಿ ಮಾಡಿದ ತಪ್ಪುಗಳದ್ದು. ತಾರೀಖು, ಯಜಮಾನನ ಹೆಸರು, ತಪ್ಪು, ಶಿಕ್ಷೆ, ಮ್ಯಾಜಿಸ್ಟ್ರೇಟರ ಮೊದಲಕ್ಷರ. ಉದ್ಧಟತನ, ಕುಡಿತ, ಹೇಳದೆ ಹೊರಗಿದ್ದದ್ದು, ಕೆಲಸ ನಿರಾಕರಿಸಿದ್ದು ಇವೇ ಮತ್ತೆ ಮತ್ತೆ. ಇಲ್ಲಿ ಒಂದು ಗುಂಡಿಯಿದೆ. "ಮೂರನೆಯ ದರ್ಜೆ" ಎಂದು ಕಂಡರೆ ವರ್ಷ ನೋಡಿ. 1830ರ ದಶಕದಲ್ಲಿ ಅದು "ಫೀಮೇಲ್ ಫ್ಯಾಕ್ಟರಿ" ಎಂಬ ಹೆಂಗಸರ ಸೆರೆಮನೆಯ ಅಪರಾಧಿ ದರ್ಜೆ, ಅಂದರೆ ಶಿಕ್ಷೆ. 1844ರ ನಂತರದ ಪುಟದಲ್ಲಿ ಅದು ಕೂಲಿಗೆ ಹೋಗಲು ಸಿಗುವ ಪಾಸಿನ ಒಂದು ಮೆಟ್ಟಿಲು, ಅಂದರೆ ಬಡ್ತಿ.

ತಾರೀಖಿನ ಲೆಕ್ಕ ಇನ್ನೊಂದು. ಏಳು ವರ್ಷ ಎಣಿಸುವುದು ಶಿಕ್ಷೆ ವಿಧಿಸಿದ ದಿನದಿಂದ. ಹಡಗು ಇಳಿದ ದಿನದಿಂದಲ್ಲ. 1846ರ ಮಾರ್ಚಿನಲ್ಲಿ ಶಿಕ್ಷೆಯಾಗಿ 1847ರಲ್ಲಿ ಇಳಿದಿದ್ದರೆ ಬಿಡುಗಡೆ 1853ರ ಮಾರ್ಚಿನಲ್ಲಿ. ಲೇಖನಗಳಲ್ಲಿ ಒಂದು ವರ್ಷದ ವ್ಯತ್ಯಾಸ ಬರುವುದು ಸಾಮಾನ್ಯವಾಗಿ ಇಲ್ಲೇ.

ನೀಲಗಿರಿಮರ ಉತ್ತರ:

ಒಂದು ಮಾತು ಸೇರಿಸಬೇಕು. ಇಲ್ಲಿಯ ಚರ್ಚೆ "ಹಿಂದೆಯೂ ಕದ್ದಿದ್ದಳು" ಎಂಬುದರ ಕಡೆಗೇ ವಾಲುತ್ತಿದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಜನ ಸಾಯುತ್ತಿದ್ದರು. ಹಸಿವಿಗೆ ಕದ್ದವರನ್ನು ಹಳೇ ಕಳ್ಳಿಯರು ಎಂದರೆ ನ್ಯಾಯವೇ?

ಹಳೇಹಾಳೆ ಉತ್ತರ:

ಹಾಗೆ ಹೇಳಿದ್ದಲ್ಲ ನೀಲಗಿರಿಮರ ಅವರೇ. ಎರಡು ಸಲ ಶಿಕ್ಷೆಯಾದವಳು ಹಸಿದಿರಲಿಲ್ಲ ಎಂದು ಯಾರು ಹೇಳಿದರು? ಪ್ರಶ್ನೆ ಇರುವುದು ಕಾಲದ್ದು. ಐರ್ಲೆಂಡಿನಿಂದ ನೇರವಾಗಿ ಹೋದ ಸುಮಾರು 9 ಸಾವಿರ ಹೆಂಗಸರಲ್ಲಿ ದೊಡ್ಡ ಪಾಲು ಬರಗಾಲಕ್ಕೆ ಮುಂಚೆಯೇ ಹೋದವರು. 1830ರ ದಶಕದ ಡಬ್ಲಿನ್ ಮನೆಗೆಲಸದವಳ ಕಳ್ಳತನವನ್ನೂ 1848ರ ಗಾಲ್ವೇ ಹೆಂಗಸಿನ ಕಳ್ಳತನವನ್ನೂ ಒಂದೇ ಕಾರಣಕ್ಕೆ ಕಟ್ಟಲಾಗದು. ಮೊದಲನೆಯವಳು ಕದ್ದದ್ದು ಬಟ್ಟೆ, ಯಾಕೆಂದರೆ ಬಟ್ಟೆಯನ್ನು ಅದೇ ದಿನ ಗಿರವಿ ಅಂಗಡಿಯಲ್ಲಿಟ್ಟು ಕಾಸು ಮಾಡಬಹುದು. ಸಿಕ್ಕಿಬೀಳುವುದೂ ಅಲ್ಲಿಯೇ, ಗಿರವಿ ಚೀಟಿ ಅವಳ ಹತ್ತಿರ ಇರುತ್ತದಲ್ಲ. ಎರಡನೆಯವಳ ಪಟ್ಟಿಯಲ್ಲಿ ಕುರಿ, ಹಸು, ಆಲೂಗಡ್ಡೆ, ಕಾಳು ಹೆಚ್ಚು. ಬಡವರ ಆಶ್ರಯಕ್ಕೆಂದು ಕಟ್ಟಿದ ವರ್ಕ್‌ಹೌಸಿನಿಂದ ಅಲ್ಲಿ ಕೊಟ್ಟ ಉಡುಪಿನಲ್ಲೇ ಹೊರಬಿದ್ದರೆ ಅದೂ ಕಳ್ಳತನವೇ ಆಗುತ್ತಿತ್ತು.

ಬರಗಾಲದಲ್ಲಿ ಇನ್ನೊಂದು ಬಗೆಯೂ ಇದೆ: ಸಾಗಹಾಕಲಿ ಎಂದೇ ತಪ್ಪು ಮಾಡಿದವರು. ಬಣವೆಗೋ ಖಾಲಿ ಗುಡಿಸಲಿಗೋ ಬೆಂಕಿ ಹಚ್ಚಿ, ಓಡಿಹೋಗದೆ ನಿಂತು ಹಿಡಿಸಿಕೊಂಡವರು. ಕಳ್ಳತನಕ್ಕೆ ಊರ ಜೈಲಾಗಬಹುದು, ಬೆಂಕಿಗೆ ದ್ವೀಪಾಂತರ ಖಾತ್ರಿ ಎಂಬ ಲೆಕ್ಕ. "ಈ ಅಪರಾಧದ ಬಗ್ಗೆ ಹೇಳಿದ್ದು" ಎಂಬ ಸಾಲಿನಲ್ಲಿ ಇದನ್ನು ಅವರೇ ಹೇಳಿಕೊಂಡಿರುವುದುಂಟು. ಹಾಗೆಯೇ ಡಬ್ಲಿನ್ ಕೋಟೆಯಲ್ಲಿದ್ದ ಲಾರ್ಡ್ ಲೆಫ್ಟಿನೆಂಟರಿಗೆ, ಅಂದರೆ ಬ್ರಿಟಿಷ್ ದೊರೆಯ ಪ್ರತಿನಿಧಿಗೆ, ಬಂದ ಅರ್ಜಿಗಳೆಲ್ಲ ಕ್ಷಮೆ ಕೇಳಿದವಲ್ಲ. ಗಂಡನನ್ನು ಕಳಿಸಿದ್ದೀರಿ, ನನ್ನನ್ನೂ ಕಳಿಸಿ ಎಂದು ಕೇಳಿದವೂ ಇವೆ.

ಕಡಲಕಾಗೆ ಉತ್ತರ:

ವಿಚಾರಣೆಗೂ ಹಡಗಿಗೂ ನಡುವಿನ ತಿಂಗಳುಗಳನ್ನು ಲೇಖನಗಳು ಹಾರಿಸಿಬಿಡುತ್ತವೆ. ಮೊದಮೊದಲು ಕಾರ್ಕಿನ ಎಲಿಜಬೆತ್ ಕೋಟೆಯಲ್ಲಿ ಕೂಡಿಹಾಕುತ್ತಿದ್ದರು. 1836ರಿಂದ ಡಬ್ಲಿನ್ನಿನ ಗ್ರೇಂಜ್‌ಗೋರ್ಮನ್, ಹೆಂಗಸರಿಗೇ ಮೀಸಲಾದ ಸೆರೆಮನೆ. ಅದರ ಮೇಟ್ರನ್, ಅಂದರೆ ಮೇಲ್ವಿಚಾರಕಿ, ಮರಿಯನ್ ರಾಲಿನ್ಸ್, ಸೆರೆಮನೆ ಸುಧಾರಕಿ ಎಲಿಜಬೆತ್ ಫ್ರೈ ಅವರ ಶಿಫಾರಸಿನಿಂದ ಇಂಗ್ಲೆಂಡಿನಿಂದ ಬಂದವರು. ಹೊಲಿಗೆ, ಹೆಣಿಗೆ, ಬಟ್ಟೆ ಒಗೆಯುವುದು, ಓದು ಕಲಿಸಿ ಕಳಿಸುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಮನೆಗೆಲಸಕ್ಕೆ ಬೇಕಾದವರು ಇವರು. ಆ ಜಾಗದಲ್ಲಿ ಈಗ ವಿಶ್ವವಿದ್ಯಾಲಯದ ಆವರಣ, ಗಡಿಯಾರ ಗೋಪುರದ ಹಳೆಯ ಕಟ್ಟಡ ನಿಂತಿದೆ.

ಪ್ರಯಾಣ ಸಾಮಾನ್ಯವಾಗಿ ಮೂರೂವರೆ ನಾಲ್ಕು ತಿಂಗಳು. ಹಡಗಿನಲ್ಲಿ ನೌಕಾದಳದ ವೈದ್ಯನೇ ಮೇಲ್ವಿಚಾರಕ. ಅವನ ದಿನಚರಿ ಉಳಿದಿದ್ದರೆ ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಎಡಿಎಂ 101 ಎಂಬ ಸರಣಿಯಲ್ಲಿ ಸಿಗುತ್ತದೆ. ಎಲ್ಲ ಹಡಗಿನದ್ದೂ ಉಳಿದಿಲ್ಲ. ಉಳಿದದ್ದರಲ್ಲಿ ಕಾಯಿಲೆಯವರ ಹೆಸರು, ವಯಸ್ಸು, ಭೇದಿ, ಸ್ಕರ್ವಿ, ಮಕ್ಕಳ ಸಾವು ದಿನವಾರು ಇರುತ್ತದೆ. ಹೆಂಗಸರ ಜತೆ ಮಕ್ಕಳೂ ಹೋಗುತ್ತಿದ್ದರು, ಅವರ ಹೆಸರು ಕೈದಿಪಟ್ಟಿಯಲ್ಲಿ ಇಲ್ಲದಿದ್ದರೂ ವೈದ್ಯನ ದಿನಚರಿಯಲ್ಲಿ ಸಿಗಬಹುದು. ಹೋಬಾರ್ಟಿನಲ್ಲಿ ಇಳಿದ ಮೇಲೆ ಮಕ್ಕಳನ್ನು ನ್ಯೂಟೌನಿನ ಕ್ವೀನ್ಸ್ ಅನಾಥ ಶಾಲೆಗೆ ಸೇರಿಸುತ್ತಿದ್ದರು. ಆ ದಾಖಲಾತಿ ವಹಿ ಎಸ್‌ಡಬ್ಲ್ಯುಡಿ 28. ತಾಯಿ ಬದುಕಿದ್ದರೂ "ಅನಾಥ" ಎಂದೇ ಕರೆದದ್ದು, ಲೇಖನದಲ್ಲಿ ವಿವರಿಸದಿದ್ದರೆ ಓದುಗರು ತಪ್ಪು ತಿಳಿಯುತ್ತಾರೆ.

ಮುಟ್ಟದೇ ಹೋದ ಹಡಗೂ ಇದೆ. 1835ರ ಜನವರಿ 8ರಂದು ಕಾರ್ಕಿನಿಂದ ಸಿಡ್ನಿಗೆ ಹೊರಟ "ನೀವಾ" ಮೇ ತಿಂಗಳಲ್ಲಿ ಬಾಸ್ ಜಲಸಂಧಿಯ ಕಿಂಗ್ ದ್ವೀಪದ ಬಳಿ ಬಂಡೆಗೆ ಬಡಿದು ಒಡೆಯಿತು. 150 ಮಹಿಳಾ ಕೈದಿಗಳು, ಮಕ್ಕಳು, ನಾವಿಕರು ಸೇರಿ ಸುಮಾರು 240 ಮಂದಿ ಇದ್ದರು. ಕಡೆಗೆ ಬದುಕಿ ಉಳಿದವರು 15. ಆ ವರ್ಷದ ಹೆಸರು ಸಿಗದಿದ್ದರೆ ಈ ಹಡಗಿನ ಪಟ್ಟಿಯನ್ನು ಮೊದಲು ನೋಡಿಬಿಡಿ.

ಮಸಿಕುಡಿಕೆ ಉತ್ತರ:

"ಫೀಮೇಲ್ ಫ್ಯಾಕ್ಟರಿ"ಗೆ ಯಾರೂ ಕೈಹಾಕಿಲ್ಲ. "ಮಹಿಳಾ ಕಾರ್ಖಾನೆ" ಎಂದು ಅನುವಾದಿಸಿದರೆ ಬೀಡಿ, ಗಾರ್ಮೆಂಟ್ಸ್ ನೆನಪಾಗುತ್ತದೆ. ಹೆಸರನ್ನು ಹಾಗೆಯೇ ಉಳಿಸಿ, ಒಮ್ಮೆ ವಿವರಿಸಿ. ಅದು ಒಟ್ಟಿಗೇ ಸೆರೆಮನೆ, ದುಡಿಮೆಮನೆ, ಹೆರಿಗೆಮನೆ, ಕೆಲಸದಾಳು ಸಿಗುವ ಜಾಗ. ಯಜಮಾನನಿಗೆ ಬೇಡವಾದವಳು ಬಂದು ಕಾಯುವುದೂ ಅಲ್ಲೇ, ಬಸಿರಾದವಳು ಹೆರುವುದೂ ಅಲ್ಲೇ, ಉದ್ಧಟತನ ಮಾಡಿದವಳಿಗೆ ಶಿಕ್ಷೆಯೂ ಅಲ್ಲೇ. ಸಿಡ್ನಿ ಬಳಿಯ ಪ್ಯಾರಮಟ್ಟದಲ್ಲಿ 1804ರಲ್ಲಿ ಜೈಲಿನ ಮಾಳಿಗೆಯ ಮೇಲೆ ಶುರುವಾಯಿತು, 1821ರಲ್ಲಿ ಸ್ವಂತ ಕಟ್ಟಡ ಬಂತು. ಹೋಬಾರ್ಟಿನ ಕ್ಯಾಸ್ಕೇಡ್ಸ್ ಫ್ಯಾಕ್ಟರಿ 1828ರಲ್ಲಿ ಶುರುವಾದದ್ದು, ಮೊದಲು ಸಾರಾಯಿ ಭಟ್ಟಿಯಾಗಿದ್ದ ಕಟ್ಟಡದಲ್ಲಿ. ಬಿಸಿಲು ಬೀಳದ ಕಣಿವೆ, ಪಕ್ಕದಲ್ಲೇ ತೊರೆ, ಸದಾ ತೇವ.

ಕ್ಯಾಸ್ಕೇಡ್ಸಿನ 1829ರ ನಿಯಮಾವಳಿಯಿಂದ ಒಂದಿಷ್ಟು, ಏಕೆಂದರೆ ಲೇಖನಕ್ಕೆ ಇಂಥ ವಿವರವೇ ಬೇಕು. ಮೂರು ದರ್ಜೆ. ಒಂದನೆಯವರನ್ನು ಮನೆಗೆಲಸಕ್ಕೆ ಕೊಡಬಹುದು, ಅವರ ಉಡುಪಿನ ಮೇಲೆ ಗುರುತಿಲ್ಲ. ಎರಡನೆಯವರಿಗೆ ಕುಪ್ಪಸದ ಎಡತೋಳಿನ ಮೇಲೆ ದೊಡ್ಡ ಹಳದಿ "ಸಿ" ಅಕ್ಷರ. ಮೂರನೆಯ, ಅಪರಾಧಿ ದರ್ಜೆಗೆ ಅದೇ ಅಕ್ಷರ ಬೆನ್ನಿನ ನಡುವೆ ಒಂದು, ಬಲತೋಳಿನಲ್ಲಿ ಒಂದು, ಲಂಗದ ಹಿಂಭಾಗದಲ್ಲಿ ಒಂದು. ಆಹಾರ ದಿನಕ್ಕೆ ಒಂದು ಪೌಂಡ್ ಬ್ರೆಡ್, ಸುಮಾರು 450 ಗ್ರಾಂ, ಮೂರು ಹೊತ್ತಿಗೆ ಹಂಚಿ. ಬೆಳಿಗ್ಗೆ ಗಂಜಿ, ಆಮೇಲೆ ಸಾರು. ಕೆಲಸ ಉಣ್ಣೆ ನೂಲುವುದು, ಹಳೆಯ ಹಗ್ಗ ಬಿಡಿಸಿ ನಾರು ಮಾಡುವುದು, ಊರ ಬಟ್ಟೆ ಒಗೆಯುವುದು. ಅಪರಾಧಿ ದರ್ಜೆಯವರ ಪಾಲಿಗೆ ಬಟ್ಟೆ ತೊಟ್ಟಿಯೇ ಗತಿ. ತಲೆಗೂದಲು ಕತ್ತರಿಸುವುದೂ ಶಿಕ್ಷೆಯಾಗಿತ್ತು, ಏಕಾಂತ ಕೋಣೆಯಲ್ಲಿ ಬ್ರೆಡ್ಡು ನೀರಿನ ಮೇಲೆ ಇಡುವುದೂ.

ಕೂಸುಗಳ ವಿಷಯ ಕೆಟ್ಟದ್ದು. ಒಳಗೆ ಹುಟ್ಟಿದ ಮಕ್ಕಳು ಬೇಗ ಹಾಲು ಬಿಡಿಸಿದ ಮೇಲೆ ಸಾಲುಸಾಲಾಗಿ ಸಾಯುತ್ತಿದ್ದವು. 1838ರಲ್ಲಿ ಶಿಶುಮರಣದ ವಿಚಾರಣೆಯಾಗಿ, ಶಿಶುಗೃಹವನ್ನು ಊರೊಳಗಿನ ಲಿವರ್‌ಪೂಲ್ ಬೀದಿಗೆ ಸಾಗಿಸಿದರು. ಕೂಸಿಗೆ ಹಾಲು ಬಿಡಿಸಿದ ಮೇಲೆ ತಾಯಿಗೆ ಅಪರಾಧಿ ದರ್ಜೆಯಲ್ಲಿ ಆರು ತಿಂಗಳು, ಬಸಿರಾದ "ತಪ್ಪಿಗೆ". ಅಪ್ಪನ ಹೆಸರು ನಡತೆ ದಾಖಲೆಯಲ್ಲಿ ಹುಡುಕಲು ಹೋಗಬೇಡಿ, ಬಹುಪಾಲು ಇರುವುದಿಲ್ಲ.

ಇವರು ಬಾಯಿಮುಚ್ಚಿ ಇದ್ದವರು ಎಂದೂ ಬರೆಯಬೇಡಿ. 1827ರ ಅಕ್ಟೋಬರ್ 27ರಂದು ಪ್ಯಾರಮಟ್ಟದಲ್ಲಿ ಬ್ರೆಡ್ಡು ಸಕ್ಕರೆ ಕಡಿತ ಮಾಡಿದ್ದಕ್ಕೆ ಹೆಂಗಸರು ಬಾಗಿಲು ಮುರಿದು ಊರಿಗೆ ನುಗ್ಗಿದರು, ಸೈನಿಕರು ಬಂದು ಹಿಡಿದು ತರಬೇಕಾಯಿತು. ಟಾಸ್ಮೇನಿಯಾದ ರಾಸ್ ಫ್ಯಾಕ್ಟರಿಯ ಉತ್ಖನನದಲ್ಲಿ ಏಕಾಂತ ಶಿಕ್ಷೆಯ ಕೋಣೆಯ ನೆಲದಲ್ಲಿಯೇ ತಂಬಾಕಿನ ಚಿಲುಮೆ ಚೂರು, ಸಾರಾಯಿ ಬಾಟಲಿ ಚೂರು ಸಿಕ್ಕಿವೆ. ಬ್ರೆಡ್ಡು ನೀರಿನ ಶಿಕ್ಷೆಯ ಕೋಣೆ ಅದು!

ಓಲೆಗರಿ:

ಇಷ್ಟು ಸಾಕೆನಿಸುತ್ತದೆ. ಒಂದೇ ಸಂದೇಹ ಉಳಿದಿದೆ: 1844ರ ನಂತರ ಬಂದವರ ಪುಟದಲ್ಲಿ "ಆನ್ಸನ್" ಎಂದಿದೆ. ಅದು ಇನ್ನೊಂದು ಫ್ಯಾಕ್ಟರಿಯೇ? ಮದುವೆ ಎಲ್ಲಿ ಹುಡುಕಬೇಕು?

ಕಡಲಕಾಗೆ ಉತ್ತರ:

ಆನ್ಸನ್ ಹಳೆಯ ಯುದ್ಧನೌಕೆ. 1844ರಲ್ಲಿ ಹೋಬಾರ್ಟಿಗೆ ತಂದು ಡರ್ವೆಂಟ್ ನದಿಯಲ್ಲಿ ನಿಲ್ಲಿಸಿದ್ದರು. ಹೊಸದಾಗಿ ಬಂದ ಹೆಂಗಸರು ಮೊದಲ ಆರು ತಿಂಗಳು ಅದರಲ್ಲಿ ಪರೀಕ್ಷಾ ಅವಧಿ ಕಳೆದು, ಆಮೇಲೆ ಪಾಸು ಪಡೆದು ಕೂಲಿಗೆ ಹೋಗಬೇಕು. ಆದ್ದರಿಂದ ಹಡಗು ಬಂದ ತಾರೀಖಿಗೂ ಮೊದಲ ಯಜಮಾನನ ಹೆಸರಿಗೂ ನಡುವೆ ಆರು ತಿಂಗಳ ಖಾಲಿ ಇದ್ದರೆ ದಾಖಲೆ ಕಳೆದಿದೆ ಎಂದುಕೊಳ್ಳಬೇಡಿ. ಆನ್ಸನ್ ಹೆಸರನ್ನು ಅವಳು ಬಂದ ಹಡಗಿನ ಹೆಸರು ಎಂದು ತಪ್ಪಾಗಿ ಎತ್ತಿ ಬರೆದ ವಂಶಾವಳಿಗಳು ಜಾಲದಲ್ಲಿ ಬೇಕಾದಷ್ಟಿವೆ.

ಮದುವೆಗೆ ಟಾಸ್ಮೇನಿಯಾದಲ್ಲಿ ಕಾನ್ 45 ಮತ್ತು ಕಾನ್ 52, ಸಿಡ್ನಿಯಲ್ಲಿ 1826ರಿಂದ 1851ರವರೆಗಿನ ಮದುವೆ ಅರ್ಜಿಗಳು. ಕೈದಿ ಮದುವೆಯಾಗಲು ಗವರ್ನರ ಅನುಮತಿ ಬೇಕಿತ್ತು. ಎಚ್ಚರ ಏನೆಂದರೆ, ಅನುಮತಿ ಸಿಕ್ಕಿತು ಅಂದರೆ ಮದುವೆ ಆಯಿತು ಅಂತಲ್ಲ. ಚರ್ಚಿನ ವಹಿಯಲ್ಲಿ ಅದೇ ಜೋಡಿ ಸಿಗುವವರೆಗೂ ಕಾಯಿರಿ. ಅರ್ಜಿ ತಿರಸ್ಕಾರವಾಗಿದ್ದರೆ ಕಾರಣದ ಅಂಕಣ ಓದಿ, ಬಹಳ ಸಲ ಅಲ್ಲಿ "ಐರ್ಲೆಂಡಿನಲ್ಲಿ ಗಂಡನಿದ್ದಾನೆ" ಎಂದಿರುತ್ತದೆ. ಹಡಗಿನ ಪಟ್ಟಿಯಲ್ಲಿ ತಾನು ಮದುವೆಯಾದವಳೆಂದು ಅವಳೇ ಹೇಳಿದ ಮಾತು ನಾಲ್ಕು ವರ್ಷದ ಮೇಲೆ ಅಡ್ಡ ಬಂದದ್ದು. ಆಮೇಲಿನ ಅರ್ಜಿಯಲ್ಲಿ ಅದೇ ಹೆಂಗಸು "ವಿಧವೆ" ಎಂದು ಬರೆಸಿ, ಗಂಡ ಸತ್ತ ಸುದ್ದಿಯ ಕಾಗದವೊಂದನ್ನು ಲಗತ್ತಿಸಿದ್ದರೆ, ಆ ಕಾಗದದ ಅಂಚೆ ಮುದ್ರೆಯನ್ನೂ ಒಮ್ಮೆ ನೋಡಿಬಿಡಿ.